ಮಾವಾರು ಜೇನಿಗೆ ಕಟ್ಟಿದ ಮೂರು ಮನಿ

ಹಂಗಲ್ಲದು, ಗಡಿಗಿ ಸೀಳಿದ್ದು ಸವದತ್ತಿ ಗುಡ್ಡದ ಇಳಕಲಿನ್ಯಾಗ. ಹೊಳಿ ದಾಟೂ ಮುಂದ ಸೀಳ್ತು ಅಂತ ನಿಮ್ಮಜ್ಜ ಸಾಯೂತನಕ ಹೇಳಿದಾ, ಖರೇ ಅಂದ್ರ ಅಂವಗ ಏನೂ ಗೊತ್ತಿಲ್ಲ, ಅಂವಾ ಎತ್ತಿನ ಬಾಲಾ ನೋಡಕೋಂತ ಕುಂತಿದ್ದಾ, ಗಡಿಗಿ ಉಡ್ಯಾಗ ಇಟಗೊಂಡು ಕುಂತಾಕಿ ನಾನು. ಗಾಲಿ ಒಂದ ಕಲ್ಲಮ್ಯಾಲ ಏರಿ ಧಡಲ್ ಅಂತ ಇಳೀತು ನೋಡ್ರಿ, ನನ್ನ ತೊಡಿಮ್ಯಾಲ ಟಕ್ ಅಂತ ಒಂದ ಸಪ್ಪಳಾತು. ಸಣ್ಣ ಸಪ್ಪಳ, ಬಳಿ ಒಡದಷ್ಟ. ತಡೀರಿ, ಬುಡದಿಂದ ಹೇಳತೇನಿ, ಇಲ್ಲಾಂದ್ರ ಈ ಶಾಂತವ್ವ ನಡುನಡುವ "ಯಾವ ಗಡಿಗಿ ಆಯಿ, ಯಾರ ಗಡಿಗಿ ಆಯಿ" ಅಂತ ತಲಿ ತಿಂತಾಳ. ಲೇ ಈರ್ಯಾ, ಕಾಲ ಅಲ್ಲಾಡಸಬ್ಯಾಡ, ನೀ ಕಟ್ಟಿಮ್ಯಾಲ ಕುಂತು ಕಾಲ ಅಲ್ಲಾಡಸಿದ್ರ ನನಗ ಮಾತ ತಪ್ಪತಾವ.

ನನ್ನ ತವರಮನಿ ತೊರಗಲ್ಲ, ಗೊತ್ತಲ್ಲ ನಿಮಗ. ಕಿಲ್ಲೇದ ಒಳಗ ಮನಿ, ಮಣ್ಣಿನ ಗ್ವಾಡಿ, ಮೊಳಾ ಮೊಳಾ ದಪ್ಪ. ಆ ಗ್ವಾಡ್ಯಾಗ ನಮ್ಮವ್ವ ಒಂದ ದೊಡ್ಡ ಗಡಿಗಿ ಅಡ್ಡಕ ಮಲಗಿಸಿ ಹೂಳಿಸಿದ್ಲು. ಗಡಿಗಿ ತಳ ಹೊರಗಿನ ಬಾಜೂಕ, ಅದಕ್ಕ ಕಿರಿಬಟ್ಟು ಹೋಗುವಷ್ಟ ಒಂದ ತೂತು. ಬಾಯಿ ಮನಿ ಒಳಗಿನ ಬಾಜೂಕ, ಅದಕ್ಕ ಮುಚ್ಚಳಾ ಇಟ್ಟು ಸುತ್ತಲೂ ಸಗಣಿ ಮೆತ್ತತಿದ್ಲು. ಜೇನಹುಳಾ ಹೊರಗಿಂದ ಹೋಗೂದು ಬರೂದು ಮಾಡತಿದ್ವು, ಅವ್ವ ಒಳಗಿಂದ ಮುಚ್ಚಳಾ ತಗದು ಒಂದೆರಡ ರೊಟ್ಟಿ ಕೊಯ್ಕೊಂಡು ಹೊಳ್ಳಿ ಮುಚ್ಚತಿದ್ಲು. ರೊಟ್ಟಿ ಅಂದ್ರ ಉಣ್ಣೂ ರೊಟ್ಟಿ ಅಲ್ಲ ಮತ್ತ, ಜೇನ ಕಟ್ಟತಾವಲ್ಲ ಆ ಮೇಣದ ಹುಟ್ಟು, ನಾವು ಅದಕ್ಕ ಜೇನರೊಟ್ಟಿ ಅಂತಿದ್ವಿ. ಹೆಜ್ಜೇನಂದೂ ಅಲ್ಲ. ಹೆಜ್ಜೇನ ಯಾರ ಮನ್ಯಾಗೂ ನಿಲ್ಲೂದಿಲ್ಲ, ಬಯಲಿಗೆ ಒಂದ ದೊಡ್ಡ ಹುಟ್ಟ ಇಳಿಬಿಟ್ಟಿರತಾವ. ಇವು ಸಣ್ಣವು, ಕತ್ತಲದಾಗ ಇರೂವು, ಒಂದರ ಮಗ್ಗಲಕ ಒಂದು ಏಳೆಂಟ ರೊಟ್ಟಿ ತೂಗಹಾಕಿ ಸಂಸಾರ ಮಾಡೂವು. ನಮ್ಮಪ್ಪ ನಾ ಸಣ್ಣಾಕಿ ಇದ್ದಾಗನ ಹೋದಾ. ಅವ್ವಗ ಮನ್ಯಾಗ ನಾನು ಮತ್ತ ಆ ಜೇನ, ಅಷ್ಟ. ನಾ ಲಗ್ನಾಗಿ ಸಂಪಗಾಂವಕ್ಕ ಬಂದಮ್ಯಾಲ ಜೇನ ಒಂದ ಉಳೀತು ಆಕಿಗಿ. ಬೆಳಗಾದ ಕೂಡ್ಲೆ ಗ್ವಾಡಿಗೆ ಕಿವಿ ಹಚ್ಚತಿದ್ಲಂತ, ಒಳಗ ಗುಂಯ್ ಅಂತಾವೋ ಇಲ್ಲೋ ಅಂತ.

ಆಮ್ಯಾಲ ಬಂತಲ್ಲ ಪ್ಲೇಗು. ಅದರ ಮಾತ ಭಾಳ ಹೇಳೂದಿಲ್ಲ, ಹೇಳಿದ್ರ ನಿಮಗ ನಿದ್ದಿ ಹತ್ತೂದಿಲ್ಲ. ಮನಿ ಜಂತಿಯಿಂದ ಇಲಿ ಬೀಳಾಕ ಹತ್ತಿದ್ವು ಅಂದ್ರ ಮಂದಿ ಊರ ಬಿಟ್ಟು ಹೊಲದಾಗ ಗುಡಸಲಾ ಹಾಕ್ಕೊಂಡು ಇರತಿದ್ರು. ನಾವೂ ಇದ್ವಿ, ಸಂಪಗಾಂವದ ಹೊರಗ, ಎರಿ ಹೊಲದ ದಂಡ್ಯಾಗ. ಮಾವಾರು ಊರಿಗೆಲ್ಲಾ ಬಡಿಗ್ಯಾರು. ಮನಿ ಕಟ್ಟಾವ್ರಿಲ್ಲ, ಕೂರಿಗಿ ಮಾಡಸಾವ್ರಿಲ್ಲ, ಆ ವರ್ಷ ಅವರ ಕೈಗೆ ಬಂದ ಕೆಲಸ ಅಂದ್ರ ಚಟ್ಟ ಮಾಡೂದು ಒಂದ. ಮುಂಜಾನೆ ಒಂದ ಮನಿಂದು, ಸಂಜೀಕ ಇನ್ನೊಂದ ಮನಿಂದು. ಕಡೀಕ ತಮ್ಮ ಸಣ್ಣ ಮಗಂದೂ ತಾವ ಮಾಡಿದ್ರು. ಮೋನಪ್ಪ ಅಂತ, ನನ್ನ ಮೈದುನ. ಮೀಸಿ ಇನ್ನೂ ಕರ್ರಗ ಚಿಗರತಿದ್ವು. ನನಗ "ವೈನೀ, ಹುಳಿ ಮಾಡ್ರಿ" ಅಂತ ಮುಂಜಾನೆ ಅಂದಾಂವ ಮೂರನೇ ದಿನಕ್ಕ ಇಲ್ಲ. ಅದನ್ನ ಮುಗಿಸಿ ಮಾವಾರು ಕಟಗಿ ಕೆತ್ತೂ ಬಾಚಿ ಗೂಟಕ್ಕ ಹಾಕಿದವರು ಮುಂದ ಕೈಯಾಗ ಹಿಡೀಲಿಲ್ಲ. ಊರಿಗೆ ಹೊಳ್ಳಿ ಬಂದ್ವಿ, ಮನಿ ಸುಣ್ಣಾ ಹಚ್ಚಿದ್ವಿ, ಅವರು ಮಾತ್ರ ಕಂಬಕ್ಕ ಬೆನ್ನ ಹಚ್ಚಿ ಕುಂತ್ರು. ಕೆಲಸ ಕೇಳಾಕ ಬಂದಾವ್ರಿಗೆ ನಿಮ್ಮಜ್ಜನ್ನ ತೋರಸತಿದ್ರು, ಅಷ್ಟ. ಅದ ಪ್ಲೇಗಿನ್ಯಾಗ ತೊರಗಲ್ಲದಾಗ ನಮ್ಮವ್ವನೂ ಹೋಗಿದ್ಲು. ನನಗ ಮಣ್ಣಿಗಿ ಹೋಗಾಕೂ ಆಗಲಿಲ್ಲ, ಊರಿಂದ ಊರಿಗಿ ಬಿಡತಿದ್ದಿಲ್ಲ. ಸುದ್ದಿ ಬಂದಾಗ ಹಿಟ್ಟ ನಾದತಿದ್ದೆ. ನಾದೂದು ನಿಂದರಿಸಲಿಲ್ಲ ನಾನು, ಯಾಕ ಅಂತ ಈಗೂ ತಿಳಿಯೂದಿಲ್ಲ.

ದಸರಿ ಆದಮ್ಯಾಲ ನಮ್ಮ ದೊಡ್ಡಪ್ಪನ ಮಗ ಹೇಳಿ ಕಳಿಸಿದಾ, "ಕಾಳವ್ವಾ, ಮನಿ ಗ್ವಾಡಿ ಬಿಚ್ಚಸಾವ ಇದ್ದೇನಿ, ನಿಮ್ಮವ್ವನ ಸಾಮಾನ ಏನರ ಬೇಕಿದ್ರ ಬಂದ ಒಯ್ಯಿ" ಅಂತ. ನಾನು ನಿಮ್ಮಜ್ಜ ಚಕ್ಕಡಿ ಕಟಗೊಂಡು ಹೋದ್ವಿ. ಮನಿ ಹೊಕ್ಕೆ. ಏನ ಸಾಮಾನ ಇರತೈತ್ರಿ? ಬೀಸೂಕಲ್ಲು, ಒಂದ ಕೌದಿ, ಎರಡ ತಂಬಗಿ. ಅಷ್ಟರಾಗ ಗ್ವಾಡ್ಯಾಗ ಗುಂಯ್ ಅಂತು. ಖರೇ ಹೇಳತೇನಿ, ಅಲ್ಲೀತನಕ ಅಳು ಬಂದಿರಲಿಲ್ಲ ನನಗ, ಗ್ವಾಡಿಗೆ ಕಿವಿ ಹಚ್ಚಿ ಆಗ ಅತ್ತೆ. ಅವ್ವ ಹೋಗಿ ಇಷ್ಟ ದಿನಾತು, ಮನ್ಯಾಗ ದೀಪಾ ಹಚ್ಚಾವ್ರಿಲ್ಲ, ಇವು ತಮ್ಮ ಪಾಡಿಗಿ ತಾವು ಇದ್ವು. "ನನಗ ಇವಷ್ಟ ಬೇಕು" ಅಂದೆ. ದೊಡ್ಡಪ್ಪನ ಮಗ ನಕ್ಕಾ. "ಹುಚ್ಚಿ, ಬೀಸೂಕಲ್ಲ ಬಿಟ್ಟು ಹುಳಾ ಒಯ್ತಾಳ" ಅಂದಾ. ಹೊತ್ತ ಮುಳುಗೂ ಮುಂದ, ಹುಳಾ ಎಲ್ಲಾ ಒಳಗ ಸೇರಿದಮ್ಯಾಲ, ತೂತಿಗೆ ಹಸಿ ಅರಿವಿ ತುರುಕಿ, ನಿಮ್ಮಜ್ಜ ಕಬ್ಬಣದ ಹಾರಿ ತಗೊಂಡು ಸುತ್ತಲ ಮಣ್ಣ ಬಿಡಿಸಿ ಗಡಿಗಿ ಇಡಿಯಾಗಿ ತಗದಾ. ಛಲೋ ಕೆಲಸ ಮಾಡಿದಾ ಅವತ್ತ, ಅದನ್ನ ಇಲ್ಲ ಅನ್ನೂದಿಲ್ಲ. ಬಾಯಿಗಿ ಅವ್ವನ ಹಳೀ ಸೀರಿ ಕಟ್ಟಿದ್ವಿ. ದಾರ್ಯಾಗ ಸವದತ್ತಿ ಇಳಕಲಿನ್ಯಾಗ ಸೀಳ್ತು, ಹೇಳಿದ್ನಲ್ಲಾ. ಸೀಳಿದ್ದಕ್ಕ ಸೀರಿ ಸುತ್ತಿ ಸುತ್ತಿ ಬಿಗದು ಸಂಪಗಾಂವ ಮುಟ್ಟಸಿದೆ. ಮನಿ ಕಟ್ಟಿಮ್ಯಾಲ ಇಡೂದಕ್ಕ ಸೀಳಿನ್ಯಾಗಿಂದ ಜೇನತುಪ್ಪ ಬಸದು ನನ್ನ ಸೀರಿ ಎಲ್ಲಾ ಅಂಟಂಟ.

ನಮ್ಮತ್ತಿ ಅಂದ್ಲು, "ಕುಂಬಾರ ಓಣಿಂದ ಇನ್ನೊಂದ ಗಡಿಗಿ ತರಸೂಣು ತಗೋ." ಕಂಬಕ್ಕ ಬೆನ್ನ ಹಚ್ಚಿ ಕುಂತಿದ್ರಲ್ಲ ಮಾವಾರು, ಅವರು ಒಮ್ಮೆಲೆ ಅಂದ್ರು, "ಬಡಿಗ್ಯಾ ಇದ್ದ ಮನ್ಯಾಗ ಕುಂಬಾರನ ಕಡಿ ಯಾಕ ಹೋಗಬೇಕು?" ಎಂಟ ತಿಂಗಳಾಗಿತ್ರಿ ಅವರು ಹಂಗೊಂದ ಮಾತಾಡಿ. ಅವರು ವಯಸ್ಸಿನ್ಯಾಗ ಬೆಳಗಾವಿ ಕ್ಯಾಂಪಿನ್ಯಾಗ ಒಬ್ಬ ಸಾಹೇಬನ ಬಂಗಲೇದ ಬಾಗಲಾ ರಿಪೇರಿಗೆ ಹೋಗಿದ್ರಂತ, ಅಲ್ಲಿ ತೋಟದಾಗ ಒಂದ ಜೇನಿನ ಪೆಟಗಿ ನೋಡಿದ್ರಂತ. ಜೇನ ಇರಲಿಲ್ಲ ಅದರಾಗ, ಯಾವಾಗೋ ಓಡಿಹೋಗಿದ್ವು, ಮಾಲಿ ಅದರಾಗ ಗಜ್ಜರಿ ಬೀಜಾ ಇಟ್ಟಿದ್ದಾ. ಆದ್ರ ಒಳಗ ಸಾಲಾಗಿ ಕಟಗಿ ಪಟ್ಟಿ ತೂಗಹಾಕಿದ್ರಂತ. "ಒಂದೊಂದ ಪಟ್ಟಿಗೆ ಒಂದೊಂದ ರೊಟ್ಟಿ ಕಟ್ಟತಾವ, ಬೇಕಾದ್ದ ಒಂದ ಎತ್ತಿ ನೋಡಬಹುದು, ಉಳಿದದ್ದಕ್ಕ ಕೈ ಹಚ್ಚೂದ ಬ್ಯಾಡ, ಗಡಿಗ್ಯಾಗ ಹಂಗ ಕುರಡರಾಂಗ ಕೈಹಾಕಿ ಕೊಯ್ಯೂದು ಇರೂದಿಲ್ಲ" ಅಂತ ಹೇಳಿಕೋಂತ ಎದ್ದ ಹೋಗಿ ಬಾಚಿ ಗೂಟದಿಂದ ತಗದ್ರು. ನಮ್ಮತ್ತಿ ಅಡಗಿಮನ್ಯಾಗ ಹೋಗಿ ಸೆರಗಿನ್ಯಾಗ ಮಾರಿ ಮುಚಗೊಂಡು ಅತ್ಲು. ಮೋನಪ್ಪನ ಲಗ್ನಕ್ಕ ಮಂಚಾ ಮಾಡಬೇಕಂತ ಕಿತ್ತೂರ ಕಡೆಯಿಂದ ತಂದಿಟ್ಟ ಸಾಗವಾನಿ ಹಲಗಿ ಅಟ್ಟದಮ್ಯಾಲ ಇತ್ತು. ಅದನ್ನ ಇಳಿಸಿದ್ರು.

ಈಗ ಒಂದ ಮಾತ ತಿಳಕೋರಿ, ಇದ ತಿಳೀಲಿಲ್ಲಂದ್ರ ಮುಂದಿಂದು ತಿಳಿಯೂದಿಲ್ಲ. ನಮ್ಮ ಮನಿ ಬಡಿಗ್ಯಾರದೊಂದ ಪದ್ಧತಿ. ಏನ ಮಾಡಿದ್ರೂ ಅಳತಿಗಿಂತ ಎರಡ ನೂಲ, ಒಂದ ಜ್ವಾಳದ ಕಾಳಿನಷ್ಟ, ಹೆಚ್ಚ ಬಿಡೂದು. ಬಾಗಲಕ್ಕ, ತೊಟ್ಟಲಕ್ಕ, ಕಾಳಿನ ಪೆಟಗಿಗೆ, ಎಲ್ಲಾದಕ್ಕೂ. ಅದಕ್ಕ ಏಳಿಗಿ ಅಂತಿದ್ರು. ಮನಿ ಬೆಳೀಬೇಕು, ಮಕ್ಕಳ ಬೆಳೀಬೇಕು, ಕಾಳ ಹೆಚ್ಚಬೇಕು, ಅದಕ್ಕ ಜಾಗಾ ಬಿಡಬೇಕು ಅಂತ. ಏಳಿಗಿ ಬಿಡದ, ಮೈ ಅಳತಿಗೆ ಸರಿಯಾಗಿ ಮಾಡೂದು ಚಟ್ಟ ಒಂದ. ಹಿಂಗಾಗಿ ಮಾವಾರು ಜೇನಿನ ಪೆಟಗಿಗೂ ಏಳಿಗಿ ಬಿಟ್ರು. "ಇದೂ ಮನೀನ ಅಲ್ಲ?" ಅಂದ್ರು. ಪಟ್ಟಿಗೆ ಪಟ್ಟಿಗೆ ನಡುವ ಎರಡೆರಡ ನೂಲ ಹೆಚ್ಚ, ಪೆಟಗಿ ಉದ್ದ ಅಗಲಕ್ಕೂ ಹೆಚ್ಚ. ಎಂಥಾ ಕೆಲಸ ಅಂತೀರಿ, ಸಂದಿಯೊಳಗ ಕೂದಲ ತೂರತಿದ್ದಿಲ್ಲ. ಗಡಿಗ್ಯಾಗಿನ ರೊಟ್ಟಿ ಒಂದೊಂದ ಕೊಯ್ದು ಬಾಳಿ ನಾರಿಲೆ ಪಟ್ಟಿಗೆ ಕಟ್ಟಿ ನಾನ ಇಳಿಬಿಟ್ಟೆ. ಇಳಿಬಿಡೂ ಮುಂದನ ನನಗ ತಿಳೀತು. ಸಂದು ದೊಡ್ಡದಾಗಿತ್ತು. ನಮ್ಮವ್ವ ನನಗ ತೋರಿಸಿ ಕೊಟ್ಟಿದ್ಲು, ಎರಡ ರೊಟ್ಟಿ ನಡುವ ಎರಡ ಹುಳಾ ಬೆನ್ನಿಗಿ ಬೆನ್ನ ತಾಗಿಸಿ ಹಾಯಬೇಕು, ಅಷ್ಟ ಜಾಗಾ. ಕಡಿಮಿ ಆದ್ರ ಹಾಯಾಕ ಬರೂದಿಲ್ಲ, ಹೆಚ್ಚಾದ್ರ ಮರಿಗಳ ಮ್ಯಾಲ ಮೈ ಹಾಸಿ ಕುಂಡ್ರಾಕ ಹುಳಾ ಸಾಲೂದಿಲ್ಲ, ಮರಿ ಥಂಡಿಗೆ ಸಾಯತಾವ.

ಹೇಳಬೇಕಾಗಿತ್ತು. ಆದ್ರ ಆಗಿನ ಕಾಲದಾಗ ಸೊಸಿ ಮಾವನ ಮುಂದ ಬಾಯಿ ತಗಿಯೂದಿಲ್ಲ. ಮೂರ ವರ್ಷದಾಗ ಒಂದ ಮಾತ ಆಡಿರಲಿಲ್ಲ ನಾನು ಅವರ ಕೂಡ. ನೀರ ಕೊಡಬೇಕಂದ್ರ ತಂಬಗಿ ಹೊಸ್ತಲಕ್ಕ ಇಟ್ಟು ಬಳಿ ಸಪ್ಪಳಾ ಮಾಡಿ ಒಳಗ ಹೋಗತಿದ್ದೆ. ನಿಮ್ಮಜ್ಜಗ ಹೇಳಿದೆ, ಅಂವಾ "ಅಪ್ಪನ ಅಳತಿ ತಪ್ಪು ಅಂತ ನಾ ಹೆಂಗ ಅನ್ಲಿ?" ಅಂದಾ. ಅತ್ತಿಗಿ ಹೇಳಿದೆ. ಅತ್ತಿ ನನ್ನ ಕೈ ಗಟ್ಟಿ ಹಿಡಕೊಂಡ್ಲು. "ಕಾಳೀ, ನಿನ್ನ ಕಾಲಿಗಿ ಬೀಳತೇನಿ, ಸುಮ್ಕಿರು. ಎಂಟ ತಿಂಗಳಮ್ಯಾಲ ಬಾಚಿ ಹಿಡದಾರ. ಈಗ ತಪ್ಪ ಅಂದ್ವಂದ್ರ ಹೊಳ್ಳಿ ಗೂಟಕ್ಕ ಹಾಕತಾರ. ಹುಳಾ ಹೋದ್ರ ಹೋಗಲಿ, ಹುಳಾನ ಅಲ್ಲ?" ಅತ್ತಿ ಹೇಳೂದೂ ಖರೇ ಇತ್ತು. ಸುಮ್ಕಾದೆ. ಆರನೇ ದಿನಕ್ಕ ಹೊತ್ತೇರೂದ್ರಾಗ ಎಲ್ಲಾ ಹುಳಾ ಪೆಟಗಿ ಬಿಟ್ಟು ಹೊಗಿ ಎದ್ದಾಂಗ ಎದ್ದ ಹೋದ್ವು. ನನ್ನ ಪುಣ್ಯಾ, ಹಿತ್ತಲ ಬೇವಿನ ಗಿಡದ ಟೊಂಗಿಗೆ ಜೋತಬಿದ್ದಿದ್ವು. ನಿಚ್ಚಣಿಕಿ ಹಚ್ಚಿ, ತಲಿಮ್ಯಾಲ ಸೆರಗ ಹೊದಕೊಂಡು, ಬುಟ್ಟಿ ಕೆಳಗ ಹಿಡದು ಟೊಂಗಿ ಝಾಡಿಸಿದೆ, ತಾಯಿಹುಳಾ ಸಮೇತ ಬುಟ್ಟ್ಯಾಗ ಬಿದ್ವು. ಪೆಟಗ್ಯಾಗ ನೋಡಿದ್ರ ಮರಿ ಎಲ್ಲಾ ಕರ್ರಗಾಗಿ ಸತ್ತಿದ್ವು.

ಮಾವಾರು ಬಗ್ಗಿ ಪೆಟಗಿ ನೋಡಿದ್ರು, ಆಮ್ಯಾಲ ಏನಂದ್ರು ಗೊತ್ತೈತಿ? "ಜಾಗಾ ಸಾಲಲಿಲ್ಲ ಅವಕ್ಕ!" ಅಯ್ಯ ಶಿವನ! ಎರಡನೇ ಪೆಟಗಿ ಮಾಡಿದ್ರು, ಇನ್ನೂ ದೊಡ್ಡದು, ಸಂದು ಅರ್ಧ ಬಟ್ಟ ಹೆಚ್ಚ. ಊಟಾ ಮಾಡೂದ ಬಿಟ್ಟು ಮಾಡಿದ್ರು. ಮಾಡೂ ಮುಂದ ಸಣ್ಣಗ ಹಾಡೂ ಅಂದ್ರು. ಅತ್ತಿ ನನ್ನ ಮಾರಿ ನೋಡಿದ್ಲು, ನಾ ಅತ್ತಿ ಮಾರಿ ನೋಡಿದೆ, ಇಬ್ಬರೂ ಸುಮ್ಕಾದ್ವಿ. ಬುಟ್ಟ್ಯಾಗಿನ ಹುಳಾ ಅದಕ್ಕ ಬಿಟ್ವಿ, ಈ ಸಲ ಓಡಿ ಹೋಗಲಿಲ್ಲ. ಅವು ಶಾಣ್ಯಾ ಇರತಾವ, ಪಟ್ಟಿ ಸಾಲ ಬಿಟ್ಟು ತಮಗ ಬೇಕಾದಾಂಗ ಅಡ್ಡಡ್ಡ ಕಟ್ಟಿದ್ವು. ಒಂದ ರೊಟ್ಟಿ ಮೂರ ಪಟ್ಟಿಗೆ ಹಿಡದಿತ್ತು, ಇನ್ನೊಂದ ಪೆಟಗಿ ಗ್ವಾಡಿಗೆ ಹಿಡದಿತ್ತು. ನಾ ತೂತಿನ ಹಂತೇಕ ಕುಂತು ಇಣುಕಿ ನೋಡಿ ತಿಳಕೊಂಡಿದ್ದೆ. ಮತ್ತೂ ಸುಮ್ಕಿದ್ದೆ. ಈಗ ನಿಮಗ ಹೇಳಾಕ ನಾಚಿಕಿ ಬರತೈತಿ ನನಗ.

ತಿಂಗಳಾಗಿತ್ತೇನೋ, ಒಂದಿನ ಓಣಿ ಮಂದಿ ನಾಕ ಜನ ಬಂದಿದ್ರು, ಮಾವಾರು ಹುಮ್ಮಸ್ಸಿನ್ಯಾಗ ಇದ್ರು. "ಬರ್ರಿ, ಬೆಳಗಾವಿ ಸಾಹೇಬನ ಪೆಟಗ್ಯಾಗ ಜೇನ ಇರಲಿಲ್ಲ, ನಮ್ಮ ಪೆಟಗ್ಯಾಗ ಅದಾವ, ಒಂದ ಪಟ್ಟಿ ಎತ್ತಿ ತೋರಸತೇನಿ" ಅಂದ್ರು. ನಾ ಬಾಗಲ ಸಂದ್ಯಾಗ ನಿಂತಿದ್ದೆ. ಮುಚ್ಚಳಾ ತಗದ್ರು, ನಡುವಿನ ಪಟ್ಟಿ ಹಿಡದು ಎತ್ತಿದ್ರು, ಬರಲಿಲ್ಲ. ಜರಾ ಜಗ್ಗಿದ್ರು. ಚರ್ ಅಂತ ಮೂರ ರೊಟ್ಟಿ ಒಮ್ಮೆಲೆ ಹರದು ಬಿದ್ವು. ತುಪ್ಪ ಸುರೀತು, ಬೆಳ್ಳನ ಮರಿ ಅಕ್ಕಿ ಚೆಲ್ಲಿದಾಂಗ ಚೆಲ್ಲಿದ್ವು, ಹುಳಾ ತಮ್ಮ ತುಪ್ಪದಾಗ ತಾವ ಮುಣಗಿ ಒದ್ದಾಡಿದ್ವು. ಉಳಿದ ಹುಳಾ ಮಾವಾರ ಮಾರಿಗೆ, ಕೈಗೆ, ಕುತ್ತಿಗಿಗೆ ಕಡಿದ್ವು. ಬಂದ ಮಂದಿ ಧೋತರಾ ಎತ್ತಿ ಓಡಿಹೋದ್ರು. ಮಾವಾರು ಅಲ್ಲಾಡಲಿಲ್ಲ. ಹರದ ರೊಟ್ಟಿ ಕೈಯಾಗ ಹಿಡದು ಹಂಗ ನಿಂತ್ರು. ಆಮ್ಯಾಲ ಒಳಗ ಬಂದು ಬಾಚಿ ಒರಸಿ ಗೂಟಕ್ಕ ಹಾಕಿದ್ರು. ಅತ್ತಿ ಸುಣ್ಣಾ ತಂದು ಕಡದಲ್ಲೆಲ್ಲಾ ಹಚ್ಚಾಕತ್ತಿದ್ಲು, ಆಗ ಅಂದ್ರು, "ಮನಿ ಕಟ್ಟೂದು ನನ್ನ ಕೈ ಮರತೈತಿ ನೋಡ. ಚಟ್ಟ ಕಟ್ಟೂದಷ್ಟ ಬರತೈತಿ ಇದಕ್ಕ."

ಬಾಗಲ ಸಂದ್ಯಾಗ ನಿಂತ ಆ ಮಾತ ಕೇಳಿದೆ. ಯಾವುದು ಆಗಬಾರದಂತ ಸುಮ್ಕಿದ್ನೋ ಅದ ಆತಲ್ಲ, ಮೊದಲ ದಿನಾ ಹೇಳಿದ್ರ ಎರಡ ನೂಲಿನ ತಪ್ಪಿತ್ತು, ಈಗ ನೋಡಿದ್ರ ಮುದುಕರ ಜೀವಕ್ಕ ಬಂದೈತಿ. ಮರುದಿನಾ ಹುಳಾ ಪೆಟಗಿ ಬಿಟ್ಟು ಮತ್ತ ಅದ ಬೇವಿನ ಗಿಡಕ್ಕ ಹೋದ್ವು. ಮುಷ್ಟಿಯಷ್ಟ ಉಳದಿದ್ವು, ಅಷ್ಟ. ಬುಟ್ಟಿಗೆ ತುಂಬಿಕೊಂಡು ತೆಳ್ಳನ ಅರಿವಿ ಕಟ್ಟಿದೆ. ನಮ್ಮವ್ವಂದು ಅಂತ ನನಗ ಉಳದದ್ದು ಆ ಮುಷ್ಟಿ ಹುಳಾ. ಇದೂ ಹೋದ್ರ ತೊರಗಲ್ಲದ್ದು ಏನೂ ಇಲ್ಲ ಅಂತ ಗೊತ್ತಾತು. ಹಿತ್ತಲಕ್ಕ ಹೋದೆ, ಸೀಳಿದ ಗಡಿಗಿ ಒಗದಿದ್ವಿ ಅಲ್ಲಿ, ಅದರ ಮ್ಯಾಲಿನ ಹೋಳು ಒಂದ ತಗೊಂಡೆ. ಒಳಗಿನ ಬಾಜೂಕ ರೊಟ್ಟಿ ಹತ್ತಿದ್ದ ಮೇಣದ ಗೆರಿ ಹಂಗ ಇದ್ವು, ಒಂದರ ಮಗ್ಗಲಕ ಒಂದು, ಏಳ ಗೆರಿ. ತಲಿಮ್ಯಾಲ ಸೆರಗ ಹೊದಕೊಂಡು ಮಾವಾರ ಮುಂದ ಹೋಗಿ ಆ ಹೋಳ ಅವರ ಮೊಳಕಾಲ ಹಂತೇಕ ಇಟ್ಟೆ. ಬಳಿ ಸಪ್ಪಳಾ ಮಾಡಿ ಹೊಳ್ಳಿ ಬರಬೇಕಾಗಿತ್ತು. ಬರಲಿಲ್ಲ. "ಮಾವಾರ" ಅಂದೆ. ನನ್ನ ದನಿ ನನಗ ಗುರತ ಸಿಗಲಿಲ್ಲ. "ಮಾವಾರ, ತಪ್ಪ ನಿಮ್ಮ ಕೈಯಂದಲ್ಲರಿ. ಎರಡೂ ಸಲ ನನಗ ಗೊತ್ತಿತ್ತರಿ. ನಾ ಹೇಳಲಿಲ್ಲ."

ಅಡಗಿಮನ್ಯಾಗ ಅತ್ತಿ ಕೈಯಾಗಿನ ಸೌಟ ಬಿದ್ದದ್ದು ಕೇಳಿಸ್ತು. ಮಾವಾರು ನನ್ನ ಕಡಿ ನೋಡಲಿಲ್ಲ, ಹೋಳ ತಗೊಂಡು ಹೆಬ್ಬಟ್ಟಿಲೆ ಗೆರಿ ಸವರಿದ್ರು. ಸುಮ್ಮನ ಎದ್ದು ಕೈವಾರ ತಂದ್ರು. ಮೊದಲನೇ ಗೆರಿಗೂ ಎರಡನೇ ಗೆರಿಗೂ ಇಟ್ರು. ಹಂಗ ಎತ್ತಿ ಎರಡಕ್ಕೂ ಮೂರಕ್ಕೂ ಇಟ್ರು, ಸರಿ ಬಂತು. ಮೂರಕ್ಕೂ ನಾಕಕ್ಕೂ, ಸರಿ. ಕಡೀತನಕ ಕೈವಾರದ ಕಾಲ ಒಮ್ಮಿ ಸೈತ ಸರಿಸಬೇಕಾಗಲಿಲ್ಲ. "ಯವ್ವಾ" ಅಂದ್ರು, "ಈ ಹುಳಾದಂಥಾ ಕೈ ನಮ್ಮಪ್ಪಗೂ ಇರಲಿಲ್ಲ." ಹಂಗಂದವರು ಹೋಳ ಕೆಳಗಿಟ್ರು, ಅವರ ಕಣ್ಣಾಗ ನೀರು. "ಖರೇ ಐತಿ ನೀ ಹೇಳೂದು. ಆದ್ರ ಏಳಿಗಿ ಇಲ್ಲದ, ಮೈ ಅಳತಿಗೆ ಸರಿಯಾಗಿ, ನಾ ಮಾಡೂದಿಲ್ಲ ತಾಯಿ. ಹಂಗ ಮಾಡಿದ್ದು ಮೋನಪ್ಪಂದು ಕಡೀದು. ಇನ್ನೊಂದ ಮಾಡಾಕ ಹಚ್ಚಬ್ಯಾಡ ನನಗ."

ಹೊಸ್ತಲಾ ನೋಡಕೋಂತ ನಿಂತೆ. ಆಗ ನೆನಪಾತು. ಕುಸುಬಿ ಹೂ ಭಾಳ ಬಂದ ವರ್ಷ ನಮ್ಮವ್ವ ಗಡಿಗಿ ಬಾಯಿ ಮುಚ್ಚಳಾ ತಗದು ಅಲ್ಲಿ ಒಂದ ಸಣ್ಣ ಮಗಿ ಜೋಡಸತಿದ್ಲು, ಬಾಯಿಗಿ ಬಾಯಿ ಹಚ್ಚಿ. ಗಡಿಗಿ ತುಂಬಿದ ಹುಳಾ ಆ ಮಗಿಗೆ ಬಂದು ಬರೇ ತುಪ್ಪ ತುಂಬತಿದ್ವು. ಮರಿ ಎಲ್ಲಾ ಗಡಿಗ್ಯಾಗ. "ಮಾವಾರ, ಏಳಿಗಿ ಬಿಡಬ್ಯಾಡ್ರಿ ಅನ್ನಂಗಿಲ್ಲರಿ ನಾನು. ರೊಟ್ಟಿ ನಡುವ ಬಿಡಬ್ಯಾಡ್ರಿ. ನಮ್ಮವ್ವ ಬ್ಯಾರೆ ಮಗಿ ಇಡತಿದ್ಲರಿ. ಮನಿ ತುಂಬಿದಮ್ಯಾಲ, ಅವಕ್ಕ ಬೇಕಾದಾಗ." ಮಾವಾರು ತಲಿ ಎತ್ತಿದ್ರು, ಮೂರ ವರ್ಷದಾಗ ಮೊದಲನೇ ಸಲ ನನ್ನ ಮಾರಿ ನೋಡಿದ್ರು. "ಮನಿಮ್ಯಾಲ ಅಟ್ಟ" ಅಂದ್ರು. ಬ್ಯಾರೆ ಏನೂ ಅನ್ನಲಿಲ್ಲ, ಬಾಚಿ ಇಳಿಸಿದ್ರು.

ಮೂರನೇದು ಸಣ್ಣದು. ಎರಡನೇ ಪೆಟಗಿ ಬಿಚ್ಚಿ ಅದ ಹಲಗೀಲೆ ಮಾಡಿದ್ರು. ಸಂದು ಹೋಳಿನ ಗೆರಿಗೆ ಸರಿ, ಒಂದ ನೂಲ ಹೆಚ್ಚಿಲ್ಲ ಕಡಿಮಿಲ್ಲ. ಪಟ್ಟಿ ಒಂದೊಂದ ಕೂಡಸೂ ಮುಂದ ಬಾಚಿ ಕೆಳಗಿಟ್ಟು ಹೊಳ್ಳಿ ಎತ್ತತಿದ್ರು. ನಿಮ್ಮಜ್ಜ "ನಾ ಮಾಡತೇನಿ ಬಿಡಪಾ" ಅಂದಾ, "ಅತ್ತಾಗ ಸರಿ" ಅಂದ್ರು. ಬ್ಯಾರೆ ಒಂದ ಅಟ್ಟ ಮಾಡಿದ್ರು, ತಳ ಇಲ್ಲದ ಪೆಟಗಿ, ಕೆಳಗಿಂದು ತುಂಬಿತಂದ್ರ ಅದರ ಮ್ಯಾಲ ಏರಸೂದು, ಅದನ್ನ ಬಾಜೂಕ ಇಟ್ರು. ಮುಷ್ಟಿ ಹುಳಾ ಒಳಗ ಬಿಟ್ಟು, ಬೆಲ್ಲದ ನೀರಿನ್ಯಾಗ ಹತ್ತಿ ತೊಯ್ಸಿ ಇಟ್ಟೆ. ಆಗ ಹೊಲದ ತುಂಬ ಕುಸುಬಿ ಹೂವ ಬಿಟ್ಟಿತ್ತು. ಮಾವಾರು ಕಂಬ ಬಿಟ್ಟು ಪೆಟಗಿ ಮುಂದ ಬಂದು ಕುಂತ್ರು. ಊಟಾ ಅಲ್ಲೇ, ತಂಬಾಕ ಅಲ್ಲೇ. ಅತ್ತಿ ನನ್ನ ಕೂಡ ಮಾತ ಬಿಟ್ಟಿದ್ಲು, ಹಿರ್ಯಾರ ಮುಂದ ಬಾಯಿ ತಗದ ಸೊಸಿ ಅಂತ. ಐದನೇ ದಿನಾ ಹೋತು. ಆರನೇ ದಿನಾ ಮುಂಜಾನಿಂದ ಸಂ‌ಜೀತನಕ ಮಾವಾರೂ ತೂತಿನ ಮುಂದಿಂದ ಏಳಲಿಲ್ಲ, ನಾನೂ ಅಂಗಳಾ ಬಿಡಲಿಲ್ಲ. ಹೋಗಲಿಲ್ಲ ಹುಳಾ.

ಏಳನೇ ದಿನಾ ಬಿಸಲೇರಿತ್ತು. ಅಂಗಳಾ ಸಾರಸತಿದ್ದೆ. ಒಂದ ಹುಳಾ ಬಂದು ತೂತಿನ ಹಂತೇಕ ಕುಂತಿತು, ಎರಡೂ ಹಿಂಗಾಲಿಗೆ ಹಳದಿ ಹಿಟ್ಟಿನ ಉಂಡಿ. ಅದರ ಹಿಂದ ಇನ್ನೊಂದು. ಹೂವಿನ ಹಿಟ್ಟ ತುಪ್ಪಕ್ಕ ಅಲ್ಲ, ಮರಿಗೆ ತಿನ್ನಿಸಾಕ ತರತಾವ, ಅವ್ವ ಹೇಳತಿದ್ಲು. ಸಗಣಿ ಕೈಲೆ ಹಂಗ ಎದ್ದ ನಿಂತು ಒದರಿದೆ ನಾನು, "ಮಾವಾರ, ಹಿಟ್ಟ ತಂದ್ವರಿ! ಒಳಗ ಮಕ್ಕಳ ಅದಾವ್ರಿ!" ಓಣಿ ತುಂಬ ಕೇಳಿಸಿರಬೇಕು. ಅತ್ತಿ ಹೊರಗ ಬಂದ್ಲು, ಸೊಂಟಕ್ಕ ಕೈ ಕೊಟ್ಟು, "ಏನ ದನಿ ಅದು! ಮಾವನ ಮುಂದ ಒದರತೀಯಲ್ಲ, ನಿನಗ ನಾಚಿಕಿ ಏನರ ಐತಿ ಇಲ್ಲ? ತವರವ್ವ ಏನ ಕಲಿಸ್ಯಾಳ ನಿನಗ?" ಅಂದ್ಲು. ಮಾವಾರು ತೂತಿನ ಕಡೇನ ನೋಡಕೋಂತ, ಸಾವಕಾಶ ಅಂದ್ರು, "ಮಾತಾಡಲಿ ಬಿಡ. ಆಕಿ ಮಾತಾಡದ ಇದ್ದದ್ದಕ್ಕ ಎರಡ ಸಲ ಮನಿ ಹಾಳಾತು."

ಅಷ್ಟ. ಹಿಂಗಾಗಿ ಹೇಳತೇನಿ ನಿಮಗ, ಮನ್ಯಾಗ ತಪ್ಪ ಕಂಡ್ರ ಕಂಡ ದಿನಾನ ಹೇಳ್ರಿ, ಕಾಲಿಗಿ ಬಿದ್ದ ಹೇಳ್ರಿ, ಬೈಸಿಕೊಂಡ ಹೇಳ್ರಿ, ದೊಡ್ಡಾವ್ರ ಮನಸಿಗಿ ನೋವಾಗತೈತಿ ಅಂತ ನುಂಗಿಕೊಂಡ ಕುಂಡ್ರಬ್ಯಾಡ್ರಿ. ಏಳ್ರಿನ್ನ, ರೊಟ್ಟಿ ಆರತಾವ.